ಹಗ್ಗ ಇರುವುದು ಹತ್ತಲಿಕ್ಕಲ್ಲ!

ಹಿರಿಯೂರು ಸೀಮೆಯ ಶಾಲೆಗಳಲ್ಲಿ ಓದಿ, ಒಮ್ಮೆಯೂ ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗದ ಮಕ್ಕಳು ಸಿಗುವುದು ಕಷ್ಟ. ಇರುವುದು ಸುಮಾರು 40 ಕಿಲೋಮೀಟರ್ ದೂರ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಮನೆ. ಓಬವ್ವನ ಕಿಂಡಿ, ಮದ್ದು ಬೀಸುವ ಕಲ್ಲು, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಮಕ್ಕಳು ಮುತ್ತುವುದು ತುಪ್ಪದ ಕೊಳದ ಬಂಡೆಯನ್ನು. ಕಡಿದಾದ ಬೋಳು ಬಂಡೆ. ಅದರ ಮೈಮೇಲೆ ಹಿಂದಿನವರು ಉಳಿಯಿಂದ ಕೊರೆದ ಪುಟ್ಟ ಪುಟ್ಟ ಗುಳಿಗಳು. ಬೆರಳ ತುದಿ ಊರುವಷ್ಟೇ ಜಾಗ. ಹತ್ತುವಾಗ ಎಲ್ಲರೂ ಮದಕರಿ ನಾಯಕರೇ! ಇಳಿಯುವಾಗ ಮಾತ್ರ ಅರ್ಧಕ್ಕರ್ಧ ಮಂದಿ ಬಂಡೆಗೆ ಬೆನ್ನು ಕೊಟ್ಟು, ಕುಳಿತು, ಪಾದರಕ್ಷೆಯನ್ನು ಕೆಳಗೆ ಎಸೆದು, ಮೇಷ್ಟರನ್ನು ಕೂಗಿ ಕರೆಯುತ್ತಾರೆ.

ಏಕೆ ಹೀಗೆ? ಹತ್ತುವಾಗ ಮುಂದಿನ ಗುಳಿ ಕಣ್ಣಿನ ಎದುರಿಗೇ ಇರುತ್ತದೆ. ಇಳಿಯುವಾಗ ಅದೇ ಗುಳಿ ಹೊಟ್ಟೆಯ ಕೆಳಗೆ, ಕಾಲಿನ ಮರೆಯಲ್ಲಿ. ಕಾಣದ ಜಾಗಕ್ಕೆ ಕಾಲಿಡಬೇಕು. ಬಂಡೆ ಹತ್ತುವ ವಿದ್ಯೆಯ ಮೊದಲ ಪಾಠವನ್ನು ತುಪ್ಪದ ಕೊಳ ಹೀಗೆ ಪುಕ್ಕಟೆಯಾಗಿ ಕಲಿಸಿಬಿಡುತ್ತದೆ: ಹತ್ತಿದ್ದನ್ನೆಲ್ಲ ಇಳಿಯಲು ಬರುತ್ತದೆಂದು ತಿಳಿಯಬಾರದು.

ಇದೇ ಕೋಟೆಯಲ್ಲಿ ವರ್ಷಗಳಿಂದ ಜನ ಇನ್ನೊಂದು ನೋಟವನ್ನೂ ಕಂಡಿದ್ದಾರೆ. ‘ಕೋತಿರಾಜ್’ ಎಂದೇ ಹೆಸರಾದ ಜ್ಯೋತಿರಾಜ್ ಯಾವ ಹಗ್ಗವೂ ಇಲ್ಲದೆ, ಬರಿಗೈಯಲ್ಲಿ, ಕಲ್ಲುಕಲ್ಲಿನ ಸಂದಿಗೆ ಬೆರಳು ತೂರಿಸಿ ಕೋಟೆಯ ಗೋಡೆಯನ್ನು ಸರಸರನೆ ಏರುವ ನೋಟ ಅದು. ಕೆಳಗೆ ನಿಂತವರು ಬಾಯಿ ತೆರೆದು ನೋಡುತ್ತಾರೆ; ಚಪ್ಪಾಳೆ ತಟ್ಟುತ್ತಾರೆ. ಅವರ ಸಾಮರ್ಥ್ಯ ದೊಡ್ಡದು, ಸಂಶಯವಿಲ್ಲ. ಆದರೆ ಅಂಥವರಿಗೂ ಬಂಡೆ ರಿಯಾಯಿತಿ ಕೊಡುವುದಿಲ್ಲ. 2018ರ ಫೆಬ್ರವರಿಯಲ್ಲಿ ಅವರು ಜೋಗದ ಕಮರಿಗೆ ಇಳಿದು ಹೊತ್ತಿಗೆ ಸರಿಯಾಗಿ ಮೇಲೆ ಬಾರದೆ ನಾಡಿಗೆ ನಾಡೇ ಆತಂಕಪಟ್ಟಿತು. ಪುಣ್ಯಕ್ಕೆ ಮರುದಿನ ಸುರಕ್ಷಿತವಾಗಿ ಪತ್ತೆಯಾದರು.

ತಂದೆತಾಯಿಯರ ಚಿಂತೆ ಶುರುವಾಗುವುದು ಪ್ರವಾಸದಿಂದ ಮಕ್ಕಳು ಮರಳಿದ ಮೇಲೆ. ನಮ್ಮ ಬಯಲುಸೀಮೆಯಲ್ಲಿ ಗುಂಡುಗಳಿಗೇನು ಬರ! ಊರ ಹಿಂದೆ ಒಂದು ಗುಡ್ಡ, ಗುಡ್ಡದ ತುಂಬ ಗುಂಡು. ಭಾನುವಾರ ನಾಲ್ಕು ಹುಡುಗರು ಸೇರಿದರೆ ಒಬ್ಬ ಹತ್ತುವುದು, ಉಳಿದವರು ಮೊಬೈಲಿನಲ್ಲಿ ಚಿತ್ರ ತೆಗೆಯುವುದು. ಯಾರೋ ಒಬ್ಬ ತಿಳಿದವನು ಮನೆಯಿಂದ ಬೋರ್‌ವೆಲ್ ಪಂಪಿಗೆ ಕಟ್ಟುವ ಹಗ್ಗವನ್ನೂ ತಂದಿರುತ್ತಾನೆ. ಈ ಹಗ್ಗ ಇನ್ನೂ ಅಪಾಯ. ಅದೇಕೆಂದು ಮುಂದೆ ನೋಡೋಣ.

‘ಹತ್ತಲೇಬೇಡ’ ಎಂದು ಗದರುವುದು ಸುಲಭ. ಆದರೆ ಬಂಡೆ ಹತ್ತುವುದಕ್ಕೆ ಶಿಸ್ತಿನ ಒಂದು ದಾರಿ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದೇ ಇಲ್ಲ. ಅದರಲ್ಲಿ ಇಬ್ಬರು ಇರುತ್ತಾರೆ, ನಡುವೆ ಒಂದು ಹಗ್ಗ ಇರುತ್ತದೆ, ಸೊಂಟದ ಪಟ್ಟಿಯಲ್ಲಿ ಒಂದಿಷ್ಟು ಬೆಣೆಗಳು ನೇತಾಡುತ್ತಿರುತ್ತವೆ. ಎತ್ತರದ ಬಂಡೆಯನ್ನು ಒಂದೇ ಉಸಿರಿಗೆ ಏರದೆ, ಹಗ್ಗದ ಉದ್ದಕ್ಕೆ ತಕ್ಕಂತೆ ತುಂಡು ತುಂಡು ಮಾಡಿ ಏರುತ್ತಾರೆ. ಒಂದೊಂದು ತುಂಡಿಗೂ ‘ಪಿಚ್’ ಎಂದು ಹೆಸರು. ದಾರಿಯುದ್ದಕ್ಕೂ ಬಂಡೆಯ ಒಡಕುಗಳಲ್ಲಿ ಬೆಣೆ ಸಿಕ್ಕಿಸುತ್ತ ಹೋಗಿ, ಹಿಂದೆ ಬರುವವರು ಅವನ್ನೆಲ್ಲ ಬಿಚ್ಚಿಕೊಂಡು ಬರುವ ಈ ಪದ್ಧತಿಗೆ ‘ಸಾಂಪ್ರದಾಯಿಕ ಶಿಲಾರೋಹಣ’ ಎನ್ನುತ್ತಾರೆ.

ಇದನ್ನು ಚಿತ್ರದುರ್ಗದ ಕೋಟೆಯೊಳಗೆ ಮಾಡುವಂತಿಲ್ಲ, ಮಾಡಲೂಬಾರದು. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 1958ರ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಈ ವಿದ್ಯೆಯ ನಿಜವಾದ ಪಾಠಶಾಲೆಗಳು ಬೆಂಗಳೂರಿನಾಚೆ ರಾಮನಗರದ ಗುಡ್ಡಗಳಲ್ಲಿ ಮತ್ತು ಮಾಗಡಿ ಬಳಿಯ ಸಾವನದುರ್ಗದಲ್ಲಿವೆ. ‘ಶೋಲೆ’ (1975) ಚಿತ್ರದ ಗಬ್ಬರ್ ಸಿಂಗ್ ಕುಳಿತಿದ್ದು ರಾಮನಗರದ ಬಂಡೆಗಳ ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಆರೋಹಿಗಳು ಅದೇ ಬಂಡೆಗಳ ಒಡಕಿನಲ್ಲಿ ಬೆಣೆ ಇಡುವುದನ್ನು ಕಲಿತದ್ದು ಅಷ್ಟಾಗಿ ಗೊತ್ತಿಲ್ಲ.

ಕಲ್ಲಿನ ಜಾತಕ

ಬಂಡೆ ಹತ್ತುವವರು ಮೊದಲು ಕೇಳಬೇಕಾದದ್ದು ‘ಎಷ್ಟು ಎತ್ತರ?’ ಎಂದಲ್ಲ, ‘ಯಾವ ಕಲ್ಲು?’ ಎಂದು. ಈ ವಿಷಯದಲ್ಲಿ ಹಿರಿಯೂರಿನವರು ಅದೃಷ್ಟವಂತರು. ಒಂದೇ ಜಿಲ್ಲೆಯೊಳಗೆ ಪೂರ್ತಿ ಬೇರೆ ಬೇರೆ ಕಲ್ಲುಗಳು ಸಿಗುತ್ತವೆ. ಐಮಂಗಲದ ಕಡೆ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಶಿಲೆಗಳಿವೆ. ನೀರಿನ ತಳದಲ್ಲಿ ಉಕ್ಕಿದ ಲಾವಾರಸ ತಟ್ಟನೆ ತಣಿದಾಗ ಹೀಗೆ ದಿಂಬಿನಾಕಾರ ತಳೆಯುತ್ತದೆ. ಎಂದರೆ ಹನಿ ನೀರಿಗೆ ಬಾಯಿಬಿಡುವ ನಮ್ಮ ಈ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನೋಡಿ ಬರಬೇಕಾದ ಜಾಗ, ಹತ್ತುವ ಜಾಗವಲ್ಲ. ವಾಣಿವಿಲಾಸ ಸಾಗರದ ಸುತ್ತಿನ ಗುಡ್ಡಸಾಲೂ ಹಳೆಯ ಪದರುಶಿಲೆಗಳ ಪಟ್ಟಿಗೆ ಸೇರಿದ್ದು. ಪದರು ಎಂದ ಮೇಲೆ ಬಿರುಕು ಬಿಡುವುದು, ಹೋಳು ಹೋಳಾಗಿ ಕೈಗೆ ಬರುವುದು ಅದರ ಗುಣ.

ದುರ್ಗದ ಕೋಟೆಯ ಬಂಡೆಗಳು ಗ್ರಾನೈಟ್ ಜಾತಿಯವು; ಅವುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಸಾವನದುರ್ಗ, ರಾಮನಗರಗಳದ್ದು ‘ಕ್ಲೋಸ್‌ಪೇಟೆ ಗ್ರಾನೈಟ್’. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರು ಕ್ಲೋಸ್‌ಪೇಟೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಜಗತ್ತಿನ ಆರೋಹಿಗಳೆಲ್ಲ ಕನಸು ಕಾಣುವ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯೂ ಗ್ರಾನೈಟೇ. ಅದರ ವಯಸ್ಸು ಸುಮಾರು 10 ಕೋಟಿ ವರ್ಷ ಮಾತ್ರ. ನಮ್ಮ ಕಲ್ಲಿನ ಮುಂದೆ ಅದು ಕೂಸು!

ನೆಲದಾಳದಲ್ಲಿ ಭಾರೀ ಒತ್ತಡದಲ್ಲಿ ಹುಟ್ಟಿದ ಗ್ರಾನೈಟ್, ಮೇಲಿನ ಮಣ್ಣು ಕಲ್ಲು ಸವೆದು ಭಾರ ಇಳಿದಂತೆ ಹಿಗ್ಗುತ್ತದೆ. ಆಗ ಈರುಳ್ಳಿಯ ಪದರಿನಂತೆ ಮೈಯಿಂದ ಚಕ್ಕೆಗಳು ಏಳುತ್ತವೆ. ಸಾವನದುರ್ಗ ಗುಮ್ಮಟದಂತೆ ದುಂಡಗೆ ಕಾಣುವುದು ಇದರಿಂದಲೇ. ಚಕ್ಕೆಗೂ ಮೂಲ ಬಂಡೆಗೂ ನಡುವೆ ಉಳಿಯುವ ಸಂದಿಯೇ ಆರೋಹಿಗೆ ಬೆಣೆ ಇಡುವ ಜಾಗ. ಆದರೆ ಚಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿದೆಯೋ, ಬೀಳಲು ಕಾದಿದೆಯೋ? ಅನುಭವಿಗಳು ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಸದ್ದು ಬಂದರೆ ಸರಿ. ಡೊಳ್ಳಿನ ಸದ್ದು ಬಂದರೆ ಅದರ ತಂಟೆಗೆ ಹೋಗುವುದಿಲ್ಲ.

ಸಾವನದುರ್ಗದ ಶಿಖರ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ. ಬುಡದಲ್ಲಿ ವೀರಭದ್ರ, ನರಸಿಂಹ ದೇವರ ಗುಡಿಗಳು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ದುರ್ಗವನ್ನು ಕಸಿದುಕೊಂಡಿತು. ಈಗ ಇಲ್ಲಿ ‘ಬೆಳದಿಂಗಳು’, ‘ದೀಪಾವಳಿ’ ಎಂದೆಲ್ಲ ಹೆಸರು ಪಡೆದ ಆರೋಹಣದ ದಾರಿಗಳಿವೆ. ಬಂಡೆಯ ಮೇಲೆ ದಾರಿ ಎಂದರೆ ಗೆರೆಯೇನೂ ಇರುವುದಿಲ್ಲ. ಮೊದಲು ಹತ್ತಿದವರ ನೆನಪು ಮತ್ತು ಅವರು ಇಟ್ಟ ಹೆಸರು, ಅಷ್ಟೆ. ಇಲ್ಲಿ ಒಂದು ಮಾತು ಹೇಳಬೇಕು. ಸಾವನದುರ್ಗದ ಮೈ ಬಹುಪಾಲು ನುಣುಪು. ಒಡಕೇ ಇಲ್ಲದ ಕಡೆ ಬೆಣೆ ಎಲ್ಲಿ ಇಡುವುದು? ಆದ್ದರಿಂದ ಅಲ್ಲಲ್ಲಿ ಬಂಡೆ ಕೊರೆದು ಬೋಲ್ಟ್ ಕೂರಿಸಿದ್ದಾರೆ. ಶುದ್ಧ ಸಾಂಪ್ರದಾಯಿಕ ಪದ್ಧತಿಗೆ ಒಡಕುಗಳಿರುವ ರಾಮನಗರದ ಬಂಡೆಗಳೇ ಮೇಲು.

ಕಾಲಡಿಯ ಗಣಿತ

ಹತ್ತುವ ಜೋಡಿಯಲ್ಲಿ ಮುಂದೆ ಹೋಗುವವಳು ಒಬ್ಬ ಹುಡುಗಿ, ಕೆಳಗೆ ನಿಂತು ಹಗ್ಗ ಹಿಡಿದವನು ಒಬ್ಬ ಹುಡುಗ ಎಂದುಕೊಳ್ಳೋಣ. ನವೆಂಬರಿನಿಂದ ಫೆಬ್ರವರಿವರೆಗೆ ಇದಕ್ಕೆ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಶುರುವಾಗಬೇಕು. ಬಿಸಿಲೇರಿದರೆ ಬಂಡೆ ಕಾದ ಹೆಂಚಾಗುತ್ತದೆ. ಮಳೆ ಬಿದ್ದರಂತೂ ಪಾಚಿ, ಕಲ್ಲುಹೂವು ನೆನೆದು ಎಣ್ಣೆ ಸುರಿದಂತೆ ಜಾರುತ್ತದೆ.

ನುಣುಪಾದ ಇಳಿಜಾರಿನಲ್ಲಿ ಹಿಡಿಯಲು ಏನೂ ಇಲ್ಲದಿದ್ದರೂ ಅವಳು ನಿಲ್ಲುವುದು ಹೇಗೆ? ಘರ್ಷಣೆಯ ಬಲದಿಂದ. ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ ಇದು. ಒಂದು ಹಲಗೆಯ ಮೇಲೆ ರಬ್ಬರ್ ಇಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಯಾವ ಕೋನದಲ್ಲಿ ರಬ್ಬರ್ ಜಾರಲು ತೊಡಗುತ್ತದೋ ಆ ಕೋನದ ಟ್ಯಾಂಜೆಂಟ್ ಬೆಲೆಯೇ ಘರ್ಷಣಾಂಕ. ರಬ್ಬರಿನ ಭಾರ ಎಷ್ಟೆಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಘರ್ಷಣಾಂಕ 1 ಇದ್ದರೆ 45 ಡಿಗ್ರಿ ಇಳಿಜಾರಿನವರೆಗೆ ನಿಲ್ಲಬಹುದು. ಆರೋಹಿಗಳ ಬೂಟಿನ ಅಂಟು ರಬ್ಬರು ಒಣ ಗ್ರಾನೈಟನ್ನು ಕಚ್ಚುವುದು ಹೀಗೆ.

ಹೊಸಬರು ಹೆದರಿ ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದರೆ ಜಾರುವುದು ಖಂಡಿತ! ಕೈ ಊರಿ ಬಂಡೆಗೆ ಒರಗಿದಷ್ಟೂ ಕಾಲಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಅದಕ್ಕೇ ಅವಳು ಹಿಮ್ಮಡಿ ತಗ್ಗಿಸಿ, ಬೆನ್ನು ನೇರ ಮಾಡಿ, ಪೂರ್ತಿ ಭಾರವನ್ನು ಪಾದಕ್ಕೆ ಬಿಟ್ಟು ನಿಲ್ಲುತ್ತಾಳೆ. ಭಯ ಹೇಳಿದ್ದಕ್ಕೆ ತದ್ವಿರುದ್ಧವಾಗಿ ದೇಹವನ್ನು ಇರಿಸುವುದು ಈ ವಿದ್ಯೆಯ ಕಷ್ಟದ ಪಾಠ. ತೋಳಿನ ಬಲಕ್ಕಿಂತ ಕಾಲಿನ ಮೇಲಿನ ನಂಬಿಕೆಗೆ ಇಲ್ಲಿ ಹೆಚ್ಚು ಬೆಲೆ. ಹೆಣ್ಣುಮಕ್ಕಳು ಇದರಲ್ಲಿ ಎಷ್ಟೋ ಸಲ ಹುಡುಗರಿಗಿಂತ ಬೇಗ ಪಳಗುತ್ತಾರೆಂದರೆ ಆಶ್ಚರ್ಯವಿಲ್ಲ.

ಹತ್ತುವಾಗ ಅವಳು ಹಗ್ಗವನ್ನು ಮುಟ್ಟುವುದೇ ಇಲ್ಲ ಎಂಬುದನ್ನು ಗಮನಿಸಿ. ಹಗ್ಗ ಅವಳ ಸೊಂಟದಿಂದ ಕೆಳಕ್ಕೆ ಇಳಿಬಿದ್ದಿದೆ. ಮೇಲಿನಿಂದ ಅವಳನ್ನು ಎಳೆಯುವವರು ಯಾರೂ ಇಲ್ಲ. ಹಗ್ಗ ಇರುವುದು ಹತ್ತಲಿಕ್ಕಲ್ಲ, ಬಿದ್ದರೆ ಹಿಡಿಯಲಿಕ್ಕೆ.

ಬಿದ್ದರೆ?

ಅವಳು 10 ಮೀಟರ್ ಏರಿದ್ದಾಳೆ. ಕೊನೆಯ ಬೆಣೆಯನ್ನು 2 ಮೀಟರ್ ಕೆಳಗೆ ಸಿಕ್ಕಿಸಿ ಅದರ ಕೊಂಡಿಯೊಳಗೆ ಹಗ್ಗ ಹಾಯಿಸಿದ್ದಾಳೆ. ಈಗ ಜಾರಿದರೆ ಬೆಣೆಯವರೆಗೆ 2 ಮೀಟರ್, ಅದರ ಕೆಳಗೆ ಇನ್ನೂ 2 ಮೀಟರ್, ಒಟ್ಟು 4 ಮೀಟರ್ ಬೀಳುತ್ತಾಳೆ. ಆಮೇಲೆ ಹಗ್ಗ ಬಿಗಿಯುತ್ತದೆ. ಆ ಕ್ಷಣದಲ್ಲಿ ದೇಹದ ಮೇಲೆ ಬೀಳುವ ಬಲ ಎಷ್ಟು?

ಅದು ಹಗ್ಗ ಎಷ್ಟು ಹಿಗ್ಗುತ್ತದೆ ಎಂಬುದರ ಮೇಲೆ ನಿಂತಿದೆ. ಬಿದ್ದಾಗ ಗಳಿಸಿದ ಶಕ್ತಿಯನ್ನೆಲ್ಲ ಹಗ್ಗ ಹಿಗ್ಗುತ್ತಲೇ ನುಂಗಬೇಕು. ಕೆಳಗಿನ ಲೆಕ್ಕವನ್ನು ಹತ್ತನೇ ತರಗತಿಯವರು ತಾವೇ ಮಾಡಬಹುದು. 10 ಮೀಟರ್ ಹಗ್ಗ ಐದನೆಯ ಒಂದು ಪಾಲು, ಅಂದರೆ 2 ಮೀಟರ್ ಹಿಗ್ಗಿತೆನ್ನಿ. ಒಟ್ಟು ಇಳಿದ ದೂರ 4+2=6 ಮೀಟರ್, ತಡೆದ ದೂರ 2 ಮೀಟರ್. ಸರಾಸರಿ ಬಲ ಅವಳ ತೂಕದ 3 ಪಟ್ಟು. ತೂಕ 60 ಕಿಲೋ ಆದರೆ 180 ಕಿಲೋ ಭಾರ ಹೊತ್ತಂತೆ. ಅಷ್ಟನ್ನು ದೇಹ ತಡೆಯುತ್ತದೆ. ಈಗ ಹೆಚ್ಚು ಹಿಗ್ಗದ ಹಗ್ಗ ತೆಗೆದುಕೊಳ್ಳಿ. ಅರ್ಧ ಮೀಟರ್ ಮಾತ್ರ ಹಿಗ್ಗಿತು. 4.5 ಮೀಟರನ್ನು 0.5ರಿಂದ ಭಾಗಿಸಿ: 9 ಪಟ್ಟು! 540 ಕಿಲೋ. ಇದೂ ಸರಾಸರಿ ಲೆಕ್ಕ; ಗರಿಷ್ಠ ಬಲ ಇನ್ನೂ ಹೆಚ್ಚು. ಪಂಪಿನ ಹಗ್ಗ, ಬಾವಿಯ ಹಗ್ಗ ಎಷ್ಟೇ ದಪ್ಪವಿದ್ದರೂ ಏಕೆ ಕೂಡದೆಂದು ಈಗ ತಿಳಿಯಿತಲ್ಲ? ನಿಂತ ಭಾರವನ್ನು ಹೊರುವುದಕ್ಕೆ ಅವು ತಕ್ಕವು, ಬೀಳುವ ಭಾರವನ್ನು ತಡೆಯುವುದಕ್ಕಲ್ಲ. ಹಗ್ಗ ಕಡಿಯದಿದ್ದರೂ ಬೆನ್ನುಮೂಳೆ ಉಳಿಯಬೇಕಲ್ಲ!

ಇದಕ್ಕೆ ಚರಿತ್ರೆಯಲ್ಲೊಂದು ಕಹಿ ಸಾಕ್ಷಿ ಇದೆ. 1865ರ ಜುಲೈ 14ರಂದು ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮೊಟ್ಟಮೊದಲ ಬಾರಿಗೆ ಏರಿದರು. ಇಳಿಯುವಾಗ ಒಬ್ಬ ಜಾರಿದ. ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದವರಲ್ಲಿ ನಾಲ್ವರು ಹೋದರು. ಹಗ್ಗ ನಡುವೆ ತುಂಡಾದ್ದರಿಂದ ಮೂವರು ಉಳಿದರು. ಅದು ನಾರಿನ ಹಗ್ಗಗಳ ಕಾಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ನೈಲಾನ್ ಹಗ್ಗ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ಹುರಿ ಮಾಡಿದ ನೂಲಿನ ತಿರುಳು, ಹೊರಗೆ ಜಡೆಯಂತೆ ಹೆಣೆದ ಕವಚ ಇರುವ ಹಗ್ಗವನ್ನು ತಯಾರಿಸಿತು. ಇಂದಿನ ಹಗ್ಗಗಳೆಲ್ಲ ಅದರ ಸಂತಾನ. 80 ಕಿಲೋ ಭಾರವನ್ನು ಬೀಳಿಸಿ ಪರೀಕ್ಷಿಸಿದಾಗ ಬಲ 12 ಕಿಲೋನ್ಯೂಟನ್ ಮೀರಬಾರದು, ಅಂಥ ಐದು ಬೀಳುಗಳನ್ನಾದರೂ ಹಗ್ಗ ತಾಳಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ.

ಇನ್ನೊಂದು ಸ್ವಾರಸ್ಯ. ಎಷ್ಟು ದೂರ ಬಿದ್ದರು ಎಂಬುದೊಂದೇ ಮುಖ್ಯವಲ್ಲ. ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆ ಮುಖ್ಯ. 40 ಮೀಟರ್ ಹಗ್ಗ ಹೊರಗಿದ್ದಾಗ 4 ಮೀಟರ್ ಬಿದ್ದರೆ ಆ ಸಂಖ್ಯೆ 0.1, ಮೆತ್ತಗೆ ತೂಗುಯ್ಯಾಲೆಯಂತೆ ನಿಲ್ಲುತ್ತಾರೆ. ಬಂಡೆಯ ನಡುವೆ ನಿಲುಗಡೆಯಿಂದ ಹೊರಟು 2 ಮೀಟರ್ ಏರಿ, ಇನ್ನೂ ಒಂದೂ ಬೆಣೆ ಇಡದೆ ಜಾರಿದರೂ ಬೀಳುವುದು 4 ಮೀಟರೇ. ಆದರೆ ಹಗ್ಗ ಇರುವುದು ಬರೀ 2 ಮೀಟರ್. ಸಂಖ್ಯೆ 2 ಆಯಿತು! ಇದಕ್ಕಿಂತ ಕೆಟ್ಟ ಬೀಳು ಇಲ್ಲ. ನಿಲುಗಡೆ ಬಿಟ್ಟ ಕೂಡಲೇ ಮೊದಲ ಬೆಣೆ ಬೀಳಬೇಕೆಂದು ಗುರುಗಳು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಸೀಳುವ ಬೆಣೆ, ಹಿಡಿಯುವ ಬೆಣೆ

ದುರ್ಗದ ಕೋಟೆಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ನೋಡಿದ್ದೀರಲ್ಲ? ಕಲ್ಲುಕುಟಿಗರು ಆ ಗುಳಿಗಳಿಗೆ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದರು. ಆರೋಹಿಯ ಬೆಣೆಯೂ ಅದೇ ಸರಳ ಯಂತ್ರ; ಕೆಲಸ ಮಾತ್ರ ಬೇರೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಒಡಕಿಗೆ ಅಲ್ಯೂಮಿನಿಯಮ್ ತುಂಡೊಂದನ್ನು ಇಳಿಬಿಟ್ಟರೆ, ಕೆಳಕ್ಕೆ ಎಳೆದಷ್ಟೂ ಅದು ಕಚ್ಚಿಕೊಳ್ಳುತ್ತದೆ. ಸುತ್ತಿಗೆ ಬೇಡ. ಬ್ರಿಟನ್ನಿನ ಆರೋಹಿಗಳು ಮೊದಲು ಇದಕ್ಕೆ ಉರುಟು ಕಲ್ಲುಗಳನ್ನೇ ಜೇಬಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರಂತೆ. ಆಮೇಲೆ ವೇಲ್ಸ್‌ನ ಸ್ನೋಡನ್ ಬೆಟ್ಟದ ರೈಲು ಹಳಿಯ ಬದಿ ಬಿದ್ದಿದ್ದ ನಟ್‌ಗಳನ್ನು ಆಯ್ದು, ದಾರ ಪೋಣಿಸಿ ಬಳಸಿದರು. ಇಂದಿಗೂ ಈ ಬೆಣೆಗೆ ‘ನಟ್’ ಎಂದೇ ಹೆಸರು.

ಒಡಕಿನ ಎರಡು ಗೋಡೆಗಳೂ ಸಮಾಂತರವಾಗಿದ್ದರೆ ನಟ್ ಜಾರಿ ಬರುತ್ತದೆ. ಅದಕ್ಕೆ ಉಪಾಯ ಕಂಡವನು ಅಮೆರಿಕದ ರೇ ಜಾರ್ಡೀನ್ ಎಂಬ ಎಂಜಿನಿಯರ್. ಸ್ಪ್ರಿಂಗಿನಿಂದ ಬಿಚ್ಚಿಕೊಳ್ಳುವ ಹಲ್ಲುಗಳ ಅವನ ಸಾಧನ ‘ಫ್ರೆಂಡ್’ ಎಂಬ ಹೆಸರಿನಲ್ಲಿ 1978ರಲ್ಲಿ ಮಾರುಕಟ್ಟೆಗೆ ಬಂತು. ಅದರ ಹಲ್ಲಿನ ಅಂಚು ‘ಲಘುಗಣಕ ಸುರುಳಿ’ಯ ಆಕಾರದ್ದು. ಶಂಖದ ಸುರುಳಿಯೂ ಇದೇ ಜಾತಿಯದು! ಒಡಕು ಅಗಲವಿರಲಿ, ಕಿರಿದಿರಲಿ, ಹಲ್ಲು ಕಲ್ಲನ್ನು ಮುಟ್ಟುವ ಕೋನ ಬದಲಾಗದಿರುವುದು ಈ ಸುರುಳಿಯ ಗುಣ. ಆ ಕೋನ ಸುಮಾರು 14 ಡಿಗ್ರಿ. ಹೀಗೆ ಲೆಕ್ಕ ಹಾಕಿದರೆ ಕೆಳಕ್ಕೆ ಎಳೆದ ಬಲದ ಸುಮಾರು ಎರಡು ಪಟ್ಟು ಬಲ ಪ್ರತಿ ಗೋಡೆಯ ಮೇಲೂ ಬೀಳುತ್ತದೆ. ಗ್ರಾನೈಟ್ ಅದನ್ನು ತಾಳುತ್ತದೆ. ಡೊಳ್ಳಿನ ಸದ್ದಿನ ಚಕ್ಕೆಯ ಹಿಂದೆ ಇಟ್ಟರೆ ಚಕ್ಕೆಯೇ ಎದ್ದು ಬಂದೀತು. ಕಲ್ಲುಕುಟಿಗನ ಕೆಲಸವನ್ನು ಆರೋಹಿಯೇ ಮಾಡಿದಂತೆ.

ಇಷ್ಟೊಂದು ಕಷ್ಟವೇಕೆ, ಮೊಳೆ ಹೊಡೆದರೆ ಸಾಲದೆ? ಹಿಂದೆ ಅದನ್ನೇ ಮಾಡುತ್ತಿದ್ದರು. ಹೊಡೆದು ಕಿತ್ತು, ಹೊಡೆದು ಕಿತ್ತು, ಅಮೆರಿಕದ ಯೊಸೆಮಿಟಿ ಕಣಿವೆಯ ಒಡಕುಗಳೆಲ್ಲ ಗಾಯದಂತೆ ಅಗಲವಾದವು. ಉಕ್ಕಿನ ಮೊಳೆ ತಯಾರಿಸಿ ಮಾರುತ್ತಿದ್ದ ಇವಾನ್ ಶುಯಿನಾರ್ಡ್ 1972ರಲ್ಲಿ ತನ್ನದೇ ವ್ಯಾಪಾರದ ಕೈಪಿಡಿಯಲ್ಲಿ ‘ಮೊಳೆ ಬಿಡಿ, ನಟ್ ಬಳಸಿ’ ಎಂಬ ವಾದವನ್ನು ಅಚ್ಚು ಹಾಕಿಸಿದ. ತನ್ನ ಅಂಗಡಿಯ ಮುಖ್ಯ ಸರಕನ್ನೇ ಕೊಳ್ಳಬೇಡಿ ಎಂದ ವ್ಯಾಪಾರಿಗಳು ಎಷ್ಟು ಮಂದಿ ಸಿಕ್ಕಾರು?

ಹಗ್ಗದ ಆ ತುದಿ, ಈ ತುದಿ

ಸುಮಾರು 40-50 ಮೀಟರ್ ಏರಿದ ಮೇಲೆ ಪುಟ್ಟ ಅಂಚೊಂದು ಸಿಕ್ಕರೆ ಅವಳು ನಿಲ್ಲುತ್ತಾಳೆ. ಮೂರು ಬೆಣೆ ಸಿಕ್ಕಿಸಿ, ಮೂರನ್ನೂ ಪಟ್ಟಿಯಿಂದ ಒಂದು ಗಂಟಿಗೆ ಸೇರಿಸಿ ತನ್ನನ್ನು ಕಟ್ಟಿಕೊಳ್ಳುತ್ತಾಳೆ. ಇದು ‘ಲಂಗರು’. ಪಟ್ಟಿಯ ಎರಡು ಎಳೆಗಳ ನಡುವಿನ ಕೋನ ಚಿಕ್ಕದಿರಬೇಕು. ಇಬ್ಬರು ತುಂಬಿದ ಕೊಡವನ್ನು ಹಗ್ಗ ಕಟ್ಟಿ ಎತ್ತುವುದನ್ನು ನೆನೆಯಿರಿ. ಹತ್ತಿರ ನಿಂತರೆ ಹಗುರ. ದೂರ ಸರಿದಂತೆಲ್ಲ ಕೈ ಸೋಲುತ್ತದೆ. ಕೋನ 60 ಡಿಗ್ರಿ ಇದ್ದರೆ ಒಬ್ಬೊಬ್ಬರ ಪಾಲು ಭಾರದ ಶೇ. 58, 120 ಡಿಗ್ರಿಯಾದರೆ ಇಬ್ಬರ ಮೇಲೂ ಪೂರ್ತಿ ಶೇ. 100! ಪಾಲು ಮಾಡಿಕೊಂಡ ಭಾರ ಕಡಿಮೆಯಾಗುತ್ತದೆ ಎಂಬುದು ಎಲ್ಲ ಕೋನಕ್ಕೂ ನಿಜವಲ್ಲ.

ಇಷ್ಟು ಹೊತ್ತು ಕೆಳಗಿನ ಹುಡುಗ ಏನು ಮಾಡುತ್ತಿದ್ದ? ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುತ್ತದೆ. ಆದರೆ ಮುಕ್ಕಾಲು ಗಂಟೆ ಅವನ ಬಲಗೈ ಹಗ್ಗವನ್ನು ಬಿಟ್ಟಿಲ್ಲ. ಸೊಂಟಕ್ಕೆ ಕಟ್ಟಿದ ಪುಟ್ಟ ಸಾಧನದೊಳಗೆ ಹಗ್ಗ ಬಾಗಿ ಹೋಗುತ್ತದೆ. ಕೈ ಕೆಳಕ್ಕೆ ಒತ್ತಿದರೆ ಸಾಕು, ಘರ್ಷಣೆಯಿಂದ ಹಗ್ಗ ನಿಲ್ಲುತ್ತದೆ. ಮೂಗಿನ ಮೇಲೆ ನೊಣ ಕೂತರೂ ಆ ಕೈಯಿಂದ ಓಡಿಸುವಂತಿಲ್ಲ. ಮಾತಿಲ್ಲ, ಮೊಬೈಲ್ ಇಲ್ಲ. ಅವಳು ಏರಿದಂತೆ ಹಗ್ಗ ಬಿಡಬೇಕು. ಹೆಚ್ಚು ಬಿಟ್ಟರೆ ಬೀಳು ಉದ್ದವಾಗುತ್ತದೆ, ಕಡಿಮೆ ಬಿಟ್ಟರೆ ಅವಳನ್ನೇ ಕೆಳಗೆಳೆದಂತಾಗುತ್ತದೆ. ಗಾಳಿಗೆ ಕೂಗು ಕೇಳಿಸದಿದ್ದಾಗ ಹಗ್ಗವನ್ನು ಜಗ್ಗುವ ಸಂಜ್ಞೆಗಳನ್ನು ಮೊದಲೇ ಮಾತಾಡಿಕೊಂಡಿರುತ್ತಾರೆ. ಚಪ್ಪಾಳೆ ಏರಿದವಳಿಗೆ, ಅವಳ ಜೀವ ಇದ್ದದ್ದು ಇವನ ಮುಷ್ಟಿಯಲ್ಲಿ. ತಮ್ಮ ಮಗ ಅಥವಾ ಮಗಳು ಬಂಡೆ ಹತ್ತಲು ಹೋಗುತ್ತೇನೆಂದರೆ ತಂದೆತಾಯಿ ಕೇಳಬೇಕಾದ ಮೊದಲ ಪ್ರಶ್ನೆ ‘ಹಗ್ಗ ಹಿಡಿಯುವವರು ಯಾರು?’

ಈಗ ಅವನ ಸರದಿ. ಮೇಲಿನಿಂದ ಅವಳು ಹಗ್ಗ ಎಳೆದುಕೊಳ್ಳುತ್ತಾಳೆ. ಅವನು ಏರುತ್ತ, ಅವಳು ಇಟ್ಟ ಬೆಣೆಗಳನ್ನು ಕೊಕ್ಕೆಯ ಸಣ್ಣ ಸಲಾಕೆಯಿಂದ ಒಂದೊಂದಾಗಿ ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಅಂಚಿನ ಮೇಲೆ ಇಬ್ಬರೂ ಸೇರಿದಾಗ ಕೆಳಗಿನ ಬಂಡೆಯ ಮೇಲೆ ಏನೂ ಉಳಿದಿರುವುದಿಲ್ಲ. ಮುಂದಿನ ಪಿಚ್ ಅವನೇ ಮುಂದಾಗಬಹುದು.

2017ರ ಜೂನ್ 3ರಂದು ಅಮೆರಿಕದ ಅಲೆಕ್ಸ್ ಹೊನಾಲ್ಡ್ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ನನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಏರಿದ. ಅದರ ಸಿನಿಮಾ ನೋಡಿದ ಹುಡುಗರು ಬಹಳ. ಆದರೆ ಅದಕ್ಕೆ ಮೊದಲು ಒಂದು ವರ್ಷಕ್ಕೂ ಮಿಕ್ಕಿ ಅವನು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಏರಿ, ಕಷ್ಟದ ಒಂದೊಂದು ಹಿಡಿತವನ್ನೂ ಬಾಯಿಪಾಠ ಮಾಡಿದ್ದ. ಅದೇ ಬಂಡೆಯನ್ನು 1958ರಲ್ಲಿ ಮೊದಲು ಏರಿದ ವಾರನ್ ಹಾರ್ಡಿಂಗ್ ತಂಡಕ್ಕೆ ಬಂಡೆಯ ಮೇಲೆಯೇ 40ಕ್ಕೂ ಹೆಚ್ಚು ದಿನ ಹಿಡಿದಿತ್ತು!

ನಮ್ಮ ಬಂಡೆಗಳಲ್ಲಿ ಬೇರೆ ಒಡೆಯರೂ ಇದ್ದಾರೆ. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಯಾವ ಹಗ್ಗವೂ ಕಾಪಾಡದು. ಗೂಡು ಕಂಡರೆ ಸದ್ದಿಲ್ಲದೆ ಹಿಂದಿರುಗುವುದೇ ಜಾಣತನ. ರಾಮನಗರದ ರಾಮದೇವರ ಬೆಟ್ಟದ ಕಡಿಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಆರೋಹಿಗಳಿಗೆ ಪ್ರಿಯವಾದ ಬಂಡೆಗಳನ್ನು ಹಕ್ಕಿಗೆ ಬಿಟ್ಟುಕೊಡಬೇಕಾಯಿತು. ಬೇಸರಪಟ್ಟವರೂ ಉಂಟು. ಆದರೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಬೇರೆ ಮನೆಯಿಲ್ಲ, ಮನುಷ್ಯರಿಗೆ ಬೇರೆ ಬಂಡೆಗಳಿವೆ.

ಕಲಿಯಬೇಕೆನ್ನುವವರು ಪುಸ್ತಕ ಓದಿ, ಚಿತ್ರ ನೋಡಿ ಹೊರಡುವಂತಿಲ್ಲ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣದ ತರಬೇತಿ ನೀಡುತ್ತ ಬಂದಿದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆಯಿದೆ. ಗೋಡೆ ಹತ್ತುವ ಸ್ಪರ್ಧೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಆಟವೂ ಆಗಿದೆ. ಆದರೆ ಗೋಡೆಯಲ್ಲಿ ಹಿಡಿತಗಳು, ಕೊಂಡಿಗಳು ಮೊದಲೇ ಇರುತ್ತವೆ. ಬೆಣೆ ಇಡುವ ವಿದ್ಯೆ ಬಂಡೆಯ ಬುಡದಲ್ಲಿ, ನೆಲದ ಮೇಲೆ ನಿಂತು, ಗುರುಗಳ ಕಣ್ಣೆದುರು ಇಟ್ಟು ಕಿತ್ತು, ಇಟ್ಟು ಕಿತ್ತು ಬರುವಂಥದ್ದು. ಎಷ್ಟೋ ತಿಂಗಳು ಹಿಂದಿನವರಾಗಿಯೇ ಏರಿ, ಅನುಭವಿಗಳು ಇಟ್ಟ ಬೆಣೆಗಳನ್ನು ಬಿಡಿಸುತ್ತಲೇ ಕಲಿಯಬೇಕು.

ಸಾವನದುರ್ಗದ ತುದಿ ಮುಟ್ಟಿದ ಜೋಡಿಗೆ ಇಳಿಯುವ ಕೆಲಸ ಬಾಕಿಯಿರುತ್ತದೆ. ದಣಿದ ಮೈ, ಮುಗಿಯಿತೆಂಬ ಉಲ್ಲಾಸ. ಮ್ಯಾಟರ್‌ಹಾರ್ನ್‌ನಲ್ಲಿ ಆದದ್ದೂ ಇಳಿಯುವಾಗಲೇ. ಇಲ್ಲಿ ಹಗ್ಗದ ಮೇಲೆ ಇಳಿಯಬೇಕಾದ ಅಗತ್ಯವಿಲ್ಲ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಬೆಟ್ಟ ಹತ್ತಲು ಬಂದ ಭಕ್ತರು, ಚಾರಣಿಗರು ಬಳಸುವ ಇನ್ನೊಂದು ಮಗ್ಗುಲಿನ ದಾರಿಯಲ್ಲಿ ನಡೆದು ಬರುತ್ತಾರೆ. ಗುಡಿಯ ಹತ್ತಿರ ಮರದ ನೆರಳಿನಲ್ಲಿ ಕುಳಿತು ಬೆಣೆಗಳನ್ನೆಲ್ಲ ಹರಡಿ ಎಣಿಸುತ್ತಾರೆ. ಬೆಳಿಗ್ಗೆ ಒಯ್ದದ್ದು ಎಷ್ಟೋ ಸಂಜೆಗೂ ಅಷ್ಟೇ ಇರಬೇಕು. ಆಮೇಲೆ ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳ ಸಂದಿಯಲ್ಲಿ ಹಾಯಿಸಿ, ಎಲ್ಲಾದರೂ ಕವಚ ಸವೆದಿದೆಯೇ, ತಿರುಳು ಮೆತ್ತಗಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ.